ದದ್ದಿನೊಡನೆ ತಲೆಸುತ್ತು: ಕಾರಣಗಳ ವಿಚಾರ

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಕೂಲಿಯಾಳಿಗೆ ಮೈಮೇಲೆ ದದ್ದೆದ್ದು ತಲೆ ಸುತ್ತಿದರೆ ‘ಪಿತ್ತ ಕೆರಳಿತು’ ಎಂದು ಮಜ್ಜಿಗೆ ಕುಡಿಸಿ ಮಲಗಿಸುವ ವಾಡಿಕೆಯುಂಟು. ಇದು ಅಪಾಯಕರವಾದುದು.

ಕಾಂಗ್ರೆಸ್ ಗಿಡವೆಂದು ಹೆಸರಾದ ಪಾರ್ಥೇನಿಯಂ ಕಳೆಯ ಸೋಂಕಿನಿಂದ ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ನವೆಯ ದದ್ದು ನಿಧಾನವಾಗಿ ಹರಡುವುದು. ಸಾಮಾನ್ಯವಾಗಿ ಅದರಿಂದ ತಲೆಸುತ್ತು ಬರುವುದಿಲ್ಲ. ಎರಡೂ ಒಟ್ಟಿಗೆ ಕಂಡಲ್ಲಿ ಆಳು ಆ ದಿನ ಏನು ಮಾಡಿದನೆಂಬುದನ್ನು ಯಜಮಾನರು ಮೊದಲು ವಿಚಾರಿಸತಕ್ಕದ್ದು.

ಚೆಂಡುಹೂವಿಗೋ ಟೊಮ್ಯಾಟೊ ಬೆಳೆಗೋ ‘ಔಷಧಿ’ ಹೊಡೆದಿದ್ದರೆ (ವಾಸ್ತವವಾಗಿ ಅದು ವಿಷವೇ) ಅದನ್ನೇ ಶಂಕಿಸಬೇಕು. ಕೀಟನಾಶಕದ ದ್ರವವು ಚರ್ಮವನ್ನು ಕೆರಳಿಸುವುದಲ್ಲದೆ ಅದರ ಮೂಲಕವೇ ರಕ್ತವನ್ನು ಸೇರಬಲ್ಲುದು. ಬೆವರು, ಜೊಲ್ಲು, ವಾಂತಿ, ಕಣ್ಣಿನ ಪಾಪೆ ಸೂಜಿಮೊನೆಯಂತೆ ಕಿರಿದಾಗುವುದು, ಇವು ಆರ್ಗ್ಯಾನೋಫಾಸ್ಫೇಟ್ ಜಾತಿಯ ವಿಷದ ಗುರುತುಗಳು. ತೊಯ್ದ ಬಟ್ಟೆಯನ್ನು ಕಳಚಿ, ಸಾಬೂನು ಹಚ್ಚಿ ಧಾರಾಳವಾದ ನೀರಿನಿಂದ ಮೈ ತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತೊಳೆಯುವವರು ಕೈಗವಸು ಧರಿಸತಕ್ಕದ್ದು. ಡಬ್ಬಿಯನ್ನು ಚೀಟಿಸಮೇತ ವೈದ್ಯರಿಗೆ ತೋರಿಸಿದರೆ ಯಾವ ವಿಷವೆಂಬುದು ಕೂಡಲೆ ತಿಳಿಯುವುದು.

ಹೆಜ್ಜೇನು ಕಚ್ಚಿದ ಅಥವಾ ಹೊಸ ಮಾತ್ರೆ ನುಂಗಿದ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ಗಂದೆಯೆದ್ದು, ತುಟಿ ಊದಿ, ಉಸಿರು ಕಟ್ಟಿದಂತಾದರೆ ಅದು ಇನ್ನೂ ತ್ವರೆಯ ಸಂಗತಿ. ಅಂಥವರನ್ನು ನಡೆಸಕೂಡದು, 108ಕ್ಕೆ ಕರೆಮಾಡಿ ವಾಹನವನ್ನು ಹೊಲದ ಬಳಿಗೇ ತರಿಸಬೇಕು.