ಮಂಗಗಳನ್ನು ಎಣಿಸಿದ ಮನೋವಿಜ್ಞಾನಿ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಕೃಷಿಕರನ್ನು ಮಾತನಾಡಿಸಿದರೆ ಮಂಗಗಳ ವಿಷಯ ಬಾರದೇ ಇರದು. ಬೊಂಡ, ಬಾಳೆಗೊನೆ, ಕೊಕ್ಕೊ ಯಾವುದನ್ನೂ ಅವು ಬಿಡುವುದಿಲ್ಲ. ನಷ್ಟ ನಿಜ. ಆದರೆ ಮಂಗಗಳ ಸಂಖ್ಯೆಯೂ ಹೆಚ್ಚಿದೆಯೇ? ಇದನ್ನು ಅಳತೆಯಿಂದಲೇ ತಿಳಿಯಬೇಕು. ಅಂಥ ಅಳತೆಯಲ್ಲಿ ದಶಕಗಳನ್ನು ಕಳೆದವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ಪ್ರಾಧ್ಯಾಪಕರಾಗಿದ್ದ ಮೇವಾ ಸಿಂಗ್.

ಮನೋವಿಜ್ಞಾನಿಗೆ ಕಾಡಿನಲ್ಲೇನು ಕೆಲಸ ಎನ್ನಬಹುದು. ಮನುಷ್ಯನನ್ನಾದರೆ ಪ್ರಶ್ನೆ ಕೇಳಬಹುದು. ಮಂಗನ ಮನಸ್ಸನ್ನು ಅದರ ವರ್ತನೆಯಿಂದಲೇ ಊಹಿಸಬೇಕು. ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದುಕೊಂಡರೆ ಜಗಳಗಳೇ ಪುಸ್ತಕವನ್ನು ತುಂಬುತ್ತವೆ, ಸುಮ್ಮನೆ ಕುಳಿತ ಮಂಗ ದಾಖಲಾಗುವುದಿಲ್ಲ. ಆದ್ದರಿಂದ ನಿಗದಿತ ನಿಮಿಷಗಳಿಗೊಮ್ಮೆ ಕಾಣುವ ಪ್ರತಿಯೊಂದು ಪ್ರಾಣಿಯೂ ಆ ಕ್ಷಣದಲ್ಲಿ ಏನು ಮಾಡುತ್ತಿದೆ ಎಂದು ಗುರುತಿಸುತ್ತಾರೆ. ಇಂಥ ವಿಧಾನಗಳನ್ನು 1974ರಲ್ಲಿ ಜೀನ್ ಆಲ್ಟ್‌ಮನ್ ಕ್ರಮಬದ್ಧವಾಗಿ ವಿವರಿಸಿದರು. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ನಾವು ಸಮಾನ ಅಂತರದಲ್ಲಿ ಪಾಠಾಂಕ ತೆಗೆದುಕೊಳ್ಳುವುದೂ ಹೀಗೆಯೇ.

ಒಂಟಿ ಜೀವಿ ಎನಿಸಿಕೊಂಡಿದ್ದ ಕಾಡುಪಾಪಗಳ ಸಾಮಾಜಿಕ ಬದುಕನ್ನು ಸಿಂಧು ರಾಧಾಕೃಷ್ಣ ಅವರೊಡನೆ ಸಿಂಗ್ ಅಧ್ಯಯನ ಮಾಡಿದರು. ಎಚ್.ಎನ್. ಕುಮಾರ ಅವರೊಡನೆ ಕರ್ನಾಟಕದ ಮಳೆಕಾಡುಗಳಲ್ಲಿ ಸಿಂಗಳೀಕಗಳ ಸಮೀಕ್ಷೆ ನಡೆಸಿದರು. ಸಿರ್ಸಿ-ಹೊನ್ನಾವರದ ಕಾಡಿನಲ್ಲಿ ಅವುಗಳ ದೊಡ್ಡ ನೆಲೆಯೊಂದಿರುವುದು ಹೀಗೆ ತಿಳಿಯಿತು. 2011ರಲ್ಲಿ ಅಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಸುಬ್ರಹ್ಮಣ್ಯದ ಮಗ್ಗುಲಿನ ಪುಷ್ಪಗಿರಿಯಲ್ಲೂ ಸಿಂಗಳೀಕಗಳಿವೆ.

ತೋಟಕ್ಕೆ ಬರುವ ಸಾಮಾನ್ಯ ಮಂಗ, ಅಂದರೆ ತಲೆಯ ಮೇಲೆ ಟೊಪ್ಪಿಯಂತೆ ಕೂದಲಿರುವ ಬಾನೆಟ್ ಮಕಾಕ್, ಬೇರೆ ಜಾತಿಯದು. ಮೈಸೂರು ಸುತ್ತಲಿನ ರಸ್ತೆಬದಿಗಳಲ್ಲಿ ಸಿಂಗ್ ಮತ್ತು ಸಂಗಡಿಗರು 1989ರಿಂದ ಇದನ್ನು ಮತ್ತೆ ಮತ್ತೆ ಎಣಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿಯದು: ಸುಮಾರು 25 ವರ್ಷಗಳಲ್ಲಿ ಅಲ್ಲಿ ಶೇಕಡ 65ಕ್ಕಿಂತ ಹೆಚ್ಚು ಇಳಿಕೆ! ಸಾಲುಮರಗಳ ನಾಶ ಅದಕ್ಕೊಂದು ಕಾರಣ. ಆಗ ಚಿಂತೆಯಿಲ್ಲದ ಪ್ರಾಣಿಗಳ ಪಟ್ಟಿಯಲ್ಲಿದ್ದ ಈ ಮಂಗ ಅನಂತರ ಅಪಾಯಕ್ಕೆ ಈಡಾಗಬಲ್ಲ ಪ್ರಾಣಿಗಳ ಪಟ್ಟಿಗೆ ಸೇರಿತು.

ಮೈಸೂರಿನ ಅಂಕಿಯನ್ನು ಪುತ್ತೂರಿಗೆ ಅಂಟಿಸಲಾಗದು. ಆದರೆ ಒಂದೇ ಹಿಂಡು ಬೆಳಿಗ್ಗೆ ಒಂದು ತೋಟದಲ್ಲೂ ಮಧ್ಯಾಹ್ನ ಇನ್ನೊಂದರಲ್ಲೂ ಕಂಡರೆ ಎರಡು ಮನೆಯವರ ಲೆಕ್ಕದಲ್ಲಿ ಅದು ಎರಡು ಹಿಂಡಾಗುತ್ತದೆ. ಹಲವು ತೋಟಗಳಲ್ಲಿ ಏಕಕಾಲಕ್ಕೆ, ವರ್ಷವರ್ಷವೂ ಅದೇ ಋತುವಿನಲ್ಲಿ ಎಣಿಸಿದರೆ ಈ ತಪ್ಪು ತಗ್ಗೀತು.

‘ಹಿಡಿದು ದೂರದ ಕಾಡಿಗೆ ಬಿಡಿ’ ಎಂಬ ಬೇಡಿಕೆಯನ್ನೂ ವರ್ತನೆಯ ಬೆಳಕಿನಲ್ಲಿ ನೋಡಬೇಕು. ಈ ಮಂಗಗಳಲ್ಲಿ ಹೆಣ್ಣುಗಳು ಸಾಮಾನ್ಯವಾಗಿ ಹುಟ್ಟಿದ ಹಿಂಡಿನಲ್ಲೇ ಉಳಿಯುತ್ತವೆ, ಗಂಡುಗಳು ಹಿಂಡು ಬದಲಿಸುತ್ತವೆ. ಬೋನಿಗೆ ಬಿದ್ದ ನಾಲ್ಕನ್ನು ಸಾಗಿಸಿದರೆ ಉಳಿದ ಹೆಣ್ಣುಗಳು ಅಲ್ಲೇ ಮರಿಹಾಕುತ್ತವೆ. ಬಾಳೆಯ ರುಚಿ ಕಂಡ ಆ ನಾಲ್ಕು ಕಾಡಿನಂಚಿನ ಇನ್ನೊಬ್ಬರ ತೋಟವನ್ನು ಹುಡುಕಬಹುದು.