ಕಡಿದ ಮರಕ್ಕೆ ಎಷ್ಟು ವಯಸ್ಸೋ ಅಷ್ಟು ಸಸಿ

ಬಡಾವಣೆಯಾಗಲಿ, ಮೆಟ್ರೊ ಮಾರ್ಗವಾಗಲಿ, ರಸ್ತೆ ವಿಸ್ತರಣೆಯಾಗಲಿ, ಮರವಿರುವ ಜಾಗದಲ್ಲಿ ಕಾಮಗಾರಿ ಶುರುವಾಗುವ ಮುನ್ನ ಕಾನೂನು ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಯಾವ ಮರ ಉಳಿಯಬೇಕು? ಉಳಿಯದ ಮರದ ಬದಲಿಗೆ ಎಷ್ಟು ನೆಡಬೇಕು? ಎರಡನೆಯದಕ್ಕೆ ನಮ್ಮ ಹೆಚ್ಚಿನ ನಗರಗಳ ಉತ್ತರ ತಲೆ ಎಣಿಕೆ: ಒಂದಕ್ಕೆ ಎರಡು, ಒಂದಕ್ಕೆ ಹತ್ತು. ಮಹಾರಾಷ್ಟ್ರ ಮಾತ್ರ ನಗರ ಪ್ರದೇಶಗಳ ಮರಗಳಿಗಾಗಿ 1975ರಲ್ಲಿ ಮಾಡಿದ ಕಾಯ್ದೆಯನ್ನು 2021ರಲ್ಲಿ ತಿದ್ದಿ, ಬೇರೆಯದೇ ಲೆಕ್ಕ ಬರೆದುಕೊಂಡಿತು. ಕಡಿಯುವ ಮರಕ್ಕೆ ಎಷ್ಟು ವರ್ಷವಾಗಿದೆಯೋ ಅಷ್ಟು ಸಸಿ ನೆಡಬೇಕು. ಅರವತ್ತು ವರ್ಷದ ಮರಕ್ಕೆ ಅರವತ್ತು, ನೂರು ವರ್ಷದ್ದಕ್ಕೆ ನೂರು. ದೇಶದ ಮರ ಕಾನೂನುಗಳಲ್ಲಿ ಇದರಷ್ಟು ಕುತೂಹಲ ಹುಟ್ಟಿಸುವ ನಿಯಮ ಮತ್ತೊಂದಿಲ್ಲ.

ಈ ತಿದ್ದುಪಡಿಯ ಹಿಂದೆ ಮುಂಬೈನ ಕಹಿ ಅನುಭವವಿದೆ. 2019ರ ಅಕ್ಟೋಬರ್‌ನಲ್ಲಿ ಆರೆ ಕಾಲೊನಿಯಲ್ಲಿ ಮೆಟ್ರೊ ಕಾರ್ ಶೆಡ್‌ಗಾಗಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದವು. ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿದ ದಿನದ ರಾತ್ರಿಯೇ ಗರಗಸಗಳು ಕೆಲಸ ಶುರು ಮಾಡಿದ್ದವು. ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟ್ ತಡೆ ನೀಡುವ ಹೊತ್ತಿಗೆ ಬೇಕಾದಷ್ಟು ಮರ ಕಡಿದಾಗಿತ್ತು. ಎರಡು ವರ್ಷಗಳ ಬಳಿಕ ಬಂದ ತಿದ್ದುಪಡಿ 50 ವರ್ಷ ದಾಟಿದ ಮರಗಳನ್ನು ಪಾರಂಪರಿಕ ವೃಕ್ಷಗಳೆಂದು ಗುರುತಿಸಿತು. 200 ಅಥವಾ ಅದಕ್ಕಿಂತ ಹೆಚ್ಚು ಮರ ಕಡಿಯುವ ಪ್ರಸ್ತಾವ ರಾಜ್ಯ ಮಟ್ಟದ ಪ್ರಾಧಿಕಾರದ ಮುಂದೆ ಬರಬೇಕೆಂದಿತು. ನೆಡುವ ಸಸಿ ಆರರಿಂದ ಎಂಟು ಅಡಿ ಎತ್ತರವಿರಬೇಕು, ಅದಕ್ಕೆ ಜಿಯೊ ಟ್ಯಾಗ್ ಹಾಕಬೇಕು, ಏಳು ವರ್ಷ ಆರೈಕೆ ಮಾಡಬೇಕು ಎಂಬ ಷರತ್ತುಗಳೂ ಸೇರಿದವು. ಈ ಏಳು ವರ್ಷದ ಮಾತಿಗೆ ಬೆಲೆ ಹೆಚ್ಚು. ನೆಟ್ಟ ಫೋಟೊ ತೆಗೆದು ಕಡತ ಮುಚ್ಚುವ ಪದ್ಧತಿಗೆ ಅದು ಅಡ್ಡ ನಿಲ್ಲುತ್ತದೆ.

ಆದರೆ ನಿಂತಿರುವ ಮರದ ವಯಸ್ಸನ್ನು ಹೇಗೆ ತಿಳಿಯುವುದು? ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲಿಸುವ ಶೀತ ದೇಶದ ಮರಗಳಲ್ಲಿ ವರ್ಷಕ್ಕೊಂದು ಉಂಗುರ ಮೂಡುತ್ತದೆ. ಪೆನ್ಸಿಲ್ ದಪ್ಪದ ತಿರುಳನ್ನು ಕೊರೆದು ತೆಗೆದರೆ ಉಂಗುರ ಎಣಿಸಬಹುದು, ಮರ ಸಾಯುವುದಿಲ್ಲ. ನಮ್ಮಲ್ಲಿ ಈ ಅನುಕೂಲ ಇರುವುದು ಕೆಲವೇ ಮರಗಳಿಗೆ. ತೇಗದ ಉಂಗುರಗಳು ಸ್ಪಷ್ಟ; ಅವುಗಳಿಂದ ಹಳೆಯ ಮುಂಗಾರುಗಳ ಏರಿಳಿತವನ್ನೂ ಓದುತ್ತಾರೆ. ಮಾವು, ನೇರಳೆ, ಆಲ, ಅರಳಿಗಳಲ್ಲಿ ಉಂಗುರ ಮಸುಕಾಗಿರುತ್ತದೆ, ಇಲ್ಲವೇ ನಂಬುವಂತಿರುವುದಿಲ್ಲ. ಹಾಗಾಗಿ ಉಳಿಯುವ ದಾರಿ ಸುತ್ತಳತೆ. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಟೇಪು ಸುತ್ತಿ ಅಳೆದು, ಆ ಜಾತಿಯ ಬೆಳವಣಿಗೆಯ ವೇಗದಿಂದ ವಯಸ್ಸನ್ನು ಅಂದಾಜು ಮಾಡಬೇಕು.

ಅಂದಾಜು ದಾರಿ ತಪ್ಪುವುದು ಇಲ್ಲೇ. ದಕ್ಷಿಣ ಅಮೆರಿಕದಿಂದ ಬಂದು ಬೆಂಗಳೂರಿನ ಹಳೆಯ ರಸ್ತೆಗಳಿಗೆ ಚಪ್ಪರ ಹಾಕಿದ ಮಳೆಮರ ಕೆಲವೇ ದಶಕಗಳಲ್ಲಿ ತಬ್ಬಿಕೊಳ್ಳಲಾಗದಷ್ಟು ದಪ್ಪವಾಗುತ್ತದೆ. ಹುಣಸೆಯದು ನಿಧಾನದ ಬೆಳವಣಿಗೆ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪಿಗೆ 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂಬ ಮಾನ್ಯತೆ ಸಿಕ್ಕಿತು. ಅಲ್ಲಿನ ಕೆಲವು ಮರಗಳಿಗೆ 400 ವರ್ಷವೆನ್ನುತ್ತಾರೆ. ಒಂದೇ ಸೂತ್ರದಲ್ಲಿ ಅಳೆದರೆ ಮಳೆಮರ ಅಜ್ಜನಾಗುತ್ತದೆ, ಹುಣಸೆ ಮೊಮ್ಮಗನಾಗುತ್ತದೆ. ಆಲದ ವಿಷಯದಲ್ಲಂತೂ ಟೇಪು ಸುತ್ತುವುದು ಎಲ್ಲಿಗೆ ಎಂಬುದೇ ತೋಚುವುದಿಲ್ಲ. ರಾಮೋಹಳ್ಳಿಯ ದೊಡ್ಡ ಆಲದ ಮರದ ಮೂಲ ಕಾಂಡ ರೋಗ ತಗುಲಿ ಎಂದೋ ಹೋಗಿದೆ. ಮರ ಮಾತ್ರ ತನ್ನ ಬಿಳಲುಗಳ ಮೇಲೆ ಸುಮಾರು ಮೂರು ಎಕರೆಯಲ್ಲಿ ನಿಂತಿದೆ. ಅದರ ವಯಸ್ಸೂ ಸುಮಾರು 400 ವರ್ಷ ಎಂಬ ಎಣಿಕೆಯಿದೆ. ಮಹಾರಾಷ್ಟ್ರದ ಲೆಕ್ಕ ಹಿಡಿದರೆ ಇಂಥ ಮರಕ್ಕೆ 400 ಸಸಿ. ಐದು ಮೀಟರ್ ಅಂತರದಲ್ಲಿ ನೆಟ್ಟರೆ ಅವಕ್ಕೆ ಬೇಕಾಗುವ ನೆಲ ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆ. ಮರ ಆವರಿಸಿದ ನೆಲಕ್ಕೂ ಸಸಿಗಳು ಬೇಡುವ ನೆಲಕ್ಕೂ ಇಷ್ಟು ಹತ್ತಿರದ ಹೊಂದಾಣಿಕೆ ಬರುವುದು ಅಚ್ಚರಿಯ ಸಂಗತಿ.

ನೆರಳಿನ ಲೆಕ್ಕ ಹಾಕಿದರೂ ಇದೇ ಬಗೆಯ ಉತ್ತರ ಬರುತ್ತದೆ. ಇಪ್ಪತ್ತು ಮೀಟರ್ ಅಗಲದ ಕೊಂಬೆಹರವುಳ್ಳ ಮರ 314 ಚದರ ಮೀಟರ್ ನೆಲವನ್ನು ತಂಪಾಗಿಡುತ್ತದೆ. ಒಂದು ಮೀಟರ್ ಹರವಿನ ಸಸಿಯ ನೆರಳು ಒಂದು ಚದರ ಮೀಟರ್‌ಗಿಂತ ಕಡಿಮೆ. ಒಂದಕ್ಕೆ ಹತ್ತು ಎಂಬ ಔದಾರ್ಯದಿಂದ ಸಿಗುವ ನೆರಳು ಎಂಟು ಚದರ ಮೀಟರ್ ಮುಟ್ಟುವುದಿಲ್ಲ. ಕಡಿದ ದಿನವೇ ಅಷ್ಟೂ ನೆರಳು ಮರಳಬೇಕಾದರೆ 400 ಸಸಿ ಬೇಕು. ಹತ್ತರ ಲೆಕ್ಕ ಎಷ್ಟು ಬಡವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಂಗ್ಲೆಂಡಿನ ಬ್ರಿಸ್ಟಲ್ ನಗರ ವಯಸ್ಸಿನ ಗೊಡವೆಗೆ ಹೋಗದೆ ಕಾಂಡದ ವ್ಯಾಸವನ್ನಷ್ಟೇ ಹಿಡಿದಿದೆ. 20ರಿಂದ 30 ಸೆಂ.ಮೀ. ವ್ಯಾಸದ ಮರಕ್ಕೆ ಎರಡು, ಮುಂದಿನ ಪ್ರತಿ ಹತ್ತು ಸೆಂ.ಮೀ.ಗೆ ಒಂದೊಂದು ಹೆಚ್ಚು, 80 ದಾಟಿದರೆ ಎಂಟು. ಸಂಖ್ಯೆ ಚಿಕ್ಕದು, ಆದರೆ ಟೇಪು ಹಿಡಿದ ಯಾರು ಬೇಕಾದರೂ ಪರಿಶೀಲಿಸಬಹುದು, ಜಗಳಕ್ಕೆ ಆಸ್ಪದ ಕಡಿಮೆ.

ಕರ್ನಾಟಕದಲ್ಲಿ ಈ ಕೆಲಸ 1976ರ ಕರ್ನಾಟಕ ವೃಕ್ಷ ಸಂರಕ್ಷಣೆ ಅಧಿನಿಯಮದ್ದು. ವೃಕ್ಷ ಪ್ರಾಧಿಕಾರ, ಅದರ ಕೆಳಗೆ ವೃಕ್ಷ ಅಧಿಕಾರಿ, ಮರಗಣತಿ, ಕಡಿಯಲು ಅನುಮತಿ, ಬದಲಿಗೆ ನೆಡುವ ಹೊಣೆ ಎಲ್ಲವೂ ಅದರಲ್ಲಿವೆ. ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ತೆಂಗು ಮೊದಲಾದವಕ್ಕೆ ಅನುಮತಿಯೇ ಬೇಡ. 8ನೇ ಕಲಂ ಯಾವ ಸಂದರ್ಭದಲ್ಲಿ ಅನುಮತಿ ನಿರಾಕರಿಸಬಾರದೆಂದು ಪಟ್ಟಿ ಮಾಡುತ್ತದೆ. ಒಣಗಿದ, ರೋಗ ಹಿಡಿದ, ಜೀವಕ್ಕೋ ಆಸ್ತಿಗೋ ಅಪಾಯ ತರುವ, ಸಂಚಾರಕ್ಕೆ ಅಡ್ಡಿಯಾದ ಮರಗಳ ಜೊತೆಗೆ, ಕಡಿದಾದ ಇಳಿಜಾರಿನಲ್ಲಿಲ್ಲದ ಬಲಿತ ಮರವೂ ಆ ಪಟ್ಟಿಯಲ್ಲಿದೆ. ಇದು ನಾಟಾ ಲೆಕ್ಕದ ಅರಣ್ಯಶಾಸ್ತ್ರದಿಂದ ಬಂದ ಮಾತು. ಬೆಳೆದು ನಿಂತದ್ದು ಕೊಯ್ಲಿಗೆ ಬಂದಂತೆ ಎಂಬ ದೃಷ್ಟಿ ನೆಡುತೋಪಿಗೆ ಸರಿ, ಬೀದಿಯ ಮರಕ್ಕೆ ಸಲ್ಲದು. ಮುಂಬೈನಲ್ಲಿ ಮರಕ್ಕೆ ರಕ್ಷಣೆ ಕೊಡುವ ವಯಸ್ಸು ಇಲ್ಲಿ ಕೊಡಲಿಗೆ ದಾರಿ ಮಾಡಿಕೊಡುತ್ತದೆ.

9ನೇ ಕಲಂ ಪ್ರಕಾರ ಎಷ್ಟು, ಯಾವ ಜಾತಿಯ ಗಿಡ ನೆಡಬೇಕೆಂದು ಹೇಳುವವರು ವೃಕ್ಷ ಅಧಿಕಾರಿ. ಕಾರಣ ಬರೆದು ಸಂಖ್ಯೆ ಇಳಿಸಬಹುದು, ಬೇರೆ ಜಾಗ ತೋರಿಸಬಹುದು, ವಿನಾಯಿತಿಯನ್ನೂ ಕೊಡಬಹುದು. ಈ ಬೇರೆ ಜಾಗವೇ ನಗರಕ್ಕೆ ದೊಡ್ಡ ನಷ್ಟ. ಬಿಸಿಲು ಬೀಳುವುದು ಮರ ಹೋದ ಬೀದಿಗೆ, ಸಸಿ ಬೆಳೆಯುವುದು ಊರಾಚೆ. ವಯಸ್ಸಿನ ಲೆಕ್ಕಕ್ಕೂ ಈ ತೊಡಕು ತಪ್ಪಿಲ್ಲ. ನಲವತ್ತು ವರ್ಷದ 200 ಮರಗಳಿಗೆ 8,000 ಸಸಿ ನೆಡಲು ಸುಮಾರು 50 ಎಕರೆ ಬೇಕು. ಅಷ್ಟು ನೆಲ ಯಾವ ವಾರ್ಡಿನಲ್ಲೂ ಖಾಲಿಯಿರುವುದಿಲ್ಲ. ಆದರೆ ಕಡಿಯುವುದು ದುಬಾರಿಯಾದಷ್ಟೂ ನಕ್ಷೆಯನ್ನು ತುಸು ಪಕ್ಕಕ್ಕೆ ಸರಿಸುವ ಯೋಚನೆ ಎಂಜಿನಿಯರರಿಗೆ ಬರುತ್ತದೆ. ಈ ನಿಯಮದ ನಿಜವಾದ ಬಲ ಅದು.

ಬೇರುಸಹಿತ ಕಿತ್ತು ಬೇರೆಡೆ ನೆಡುವುದನ್ನು ಪರಿಹಾರವೆಂದು ಒಪ್ಪುವುದು ಕಷ್ಟ. ದೆಹಲಿಯ 2020ರ ನೀತಿ, ಸ್ಥಳಾಂತರಿಸಿದ ಮರಗಳಲ್ಲಿ ಶೇ 80ರಷ್ಟು ಒಂದು ವರ್ಷದ ಬಳಿಕ ಬದುಕಿರಬೇಕು ಎಂದಿತ್ತು. 2022ರಲ್ಲಿ ಅಲ್ಲಿನ ಅರಣ್ಯ ಇಲಾಖೆ ಹೈಕೋರ್ಟಿಗೆ ಕೊಟ್ಟ ಲೆಕ್ಕದಲ್ಲಿ, ಹಿಂದಿನ ಮೂರು ವರ್ಷಗಳಲ್ಲಿ ಸ್ಥಳಾಂತರಗೊಂಡ 16,461 ಮರಗಳಲ್ಲಿ ಉಳಿದದ್ದು 5,487, ಅಂದರೆ ಮೂರರಲ್ಲಿ ಒಂದು.

ಸಾರ್ವಜನಿಕ ಕಾಮಗಾರಿಗೆ 50ಕ್ಕೂ ಹೆಚ್ಚು ಮರ ಕಡಿಯಬೇಕಾದರೆ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕೆಂಬ ನಿಯಮ ಕರ್ನಾಟಕದಲ್ಲಿದೆ. 812 ಮರಗಳನ್ನು ಬಲಿ ಕೇಳಿದ್ದ ಬೆಂಗಳೂರಿನ ಉಕ್ಕಿನ ಮೇಲ್ಸೇತುವೆ ಯೋಜನೆಯನ್ನು ಸರ್ಕಾರ 2017ರಲ್ಲಿ ಕೈಬಿಟ್ಟದ್ದು ಜನ ಬಾಯಿ ಬಿಟ್ಟಿದ್ದರಿಂದ. ಇಂಥ ಪ್ರಕಟಣೆ ಕಣ್ಣಿಗೆ ಬಿದ್ದವರು ಗಡುವು ಮುಗಿಯುವ ಮೊದಲೇ ಬರೆಯಬೇಕು. ಮರ ಬೇಕು ಎಂದಷ್ಟೇ ಬರೆದರೆ ಸಾಲದು. ಪ್ರತಿ ಮರದ ಜಾತಿ ಮತ್ತು ಸುತ್ತಳತೆ, ಬದಲಿ ಸಸಿ ನೆಡುವ ಜಾಗದ ಸರ್ವೆ ನಂಬರ್, ಎಷ್ಟು ವರ್ಷ ಯಾರು ನೀರು ಹಾಕುತ್ತಾರೆಂಬ ವಿವರ, ಇವಿಷ್ಟನ್ನೂ ಲಿಖಿತವಾಗಿ ಕೇಳಿ ಸ್ವೀಕೃತಿ ಪಡೆಯಿರಿ.