ನಿಮ್ಮ ಉತಾರ ಯಾವ ಡಿಸ್ಕ್‌ನಾಗ ಅದ?

ಇಟ್ಟಂಗಿಹಾಳ ಊರಿನ ಒಂದು ಸರ್ವೆ ನಂಬರ್ ಹಾಕ್ರಿ, ಉತಾರ (ಪಹಣಿ) ಬರ್ತದ. ಯಾವ ಡಿಸ್ಕ್‌ನಿಂದ ಬಂತು? ಜಮೀನು ದಾಖಲೆ ನೋಡ್ಕೊಳ್ಳೋ ‘ಭೂಮಿ’ಯಂಥ ತಂತ್ರಾಂಶಕ್ಕೂ ಅದು ಗೊತ್ತಿರಬೇಕಂತಿಲ್ಲ.

ದೊಡ್ಡ ಡೇಟಾ ಸೆಂಟರ್‌ನಾಗ ಡಿಸ್ಕ್‌ಗಳನ್ನ ಬಿಡಿಬಿಡಿಯಾಗಿ ಹಂಚಂಗಿಲ್ಲ. ಕೂಡಿಸಿ ಪೂಲ್ ಮಾಡ್ತಾರ, ಅದರಾಗ ಬೇಕಾದಷ್ಟು ಜಾಗ ತೆಗೆದು ವಾಲ್ಯೂಮ್ ಕೊಡ್ತಾರ.

ಬೆಂಗಳೂರಿನ ವೈಟ್‌ಫೀಲ್ಡ್‌ನಾಗೂ ಕ್ಯಾಂಪಸ್ ಇರೋ ನೆಟ್‌ಆ್ಯಪ್ ಕಂಪನಿಯ ‘ಆನ್‌ಟ್ಯಾಪ್’ ಅನ್ನೋ ಸ್ಟೋರೇಜ್ ತಂತ್ರಾಂಶ ತಗೋರಿ. ಡಿಸ್ಕ್ ನಡೆಸೋ ಕಂಟ್ರೋಲರ್‌ಗೆ ಇಲ್ಲಿ ನೋಡ್ ಅಂತಾರ. ಎರಡೆರಡು ನೋಡ್ ಜೋಡಿಯಾಗಿ, ಫೈಲ್ ಕೆಲಸಕ್ಕಾದ್ರ 24ರ ತನಕ, ಒಂದೇ ಕ್ಲಸ್ಟರ್ ಆಗ್ತಾವ. ಅದರ ಮ್ಯಾಲೆ ಸ್ಟೋರೇಜ್ ವರ್ಚುವಲ್ ಮಷೀನ್, ಅಂದ್ರ ತಂತ್ರಾಂಶದಾಗಷ್ಟೇ ಇರೋ ಸ್ಟೋರೇಜ್ ಯಂತ್ರ. ‘ಭೂಮಿ’ಯಂಥ ತಂತ್ರಾಂಶ ನಡೆಸೋ ಸರ್ವರ್‌ಗೆ ಕಾಣೋದು ಇದೊಂದೇ. ಇದರ ಐಪಿ ವಿಳಾಸ ಯಾವ ಪೋರ್ಟ್‌ಗೂ ಕಾಯಂ ಅಂಟಿರಂಗಿಲ್ಲ.

ಮಜಾ ಇರೋದು ಇಲ್ಲೇ ನೋಡ್ರಿ. ಒಂದು ನೋಡ್ ಕೆಟ್ಟರ, ಜೋಡಿ ನೋಡ್ ಅದರ ಡಿಸ್ಕ್ ತಾನೇ ವಹಿಸ್ಕೊಳ್ತದ. ವಿಳಾಸ ಬ್ಯಾರೆ ಪೋರ್ಟ್‌ಗೆ ಜಿಗೀತದ. ಹಳೇ ಡಿಸ್ಕ್ ತೆಗೀಬೇಕಾ? ವಾಲ್ಯೂಮ್ ಹೊಸ ಡಿಸ್ಕ್‌ಗೆ ಹಿಂದಿಂದ ನಕಲಾಗ್ತಿರ್ತದ, ಈ ಕಡೆ ಕೆಲಸ ನಡದೇ ಇರ್ತದ. ಕಡೀಗೆ ಉಳಿದ ಬದಲಾವಣೆ ಕೂಡಿಸಿ, ಕೆಲವು ಸೆಕೆಂಡ್ ತಡದು, ದಾರಿ ಹೊಸ ಜಾಗಕ್ಕ ತಿರುಗ್ತದ.

ಆದ್ರ ಇದನ್ನ ಬ್ಯಾಕಪ್ ಅಂತ ತಿಳೀಬ್ಯಾಡ್ರಿ. ಯಾರರ ತಪ್ಪಿ ಫೈಲ್ ಅಳಿಸಿದ್ರ, ಕ್ಲಸ್ಟರ್ ಅದನ್ನೂ ಅಷ್ಟೇ ನಿಷ್ಠೆಯಿಂದ ಅಳಿಸ್ತದ. ಸ್ನ್ಯಾಪ್‌ಶಾಟ್ (ಆ ಹೊತ್ತಿಗೆ ಡೇಟಾ ಹೆಂಗಿತ್ತೋ ಹಂಗ ಹಿಡಿದಿಟ್ಟಿದ್ದು), ಇನ್ನೊಂದು ಊರಿನಾಗ ಪ್ರತಿ, ಎರಡನ್ನೂ ಇದರ ಜೊತಿಗೆ ಮಾಡಿಡಬೇಕು.